ಬಿದ್ದ ಸಿಬಿಲ್ ಸ್ಕೋರ್ ಎತ್ತೋಕೆ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀವಿ

ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಪ್ರಿಂಟು, ಪರೀಕ್ಷೆ ಅರ್ಜಿ ಹೀಗೆ ನಡೆಯುತ್ತೆ. ಮೂರ್ನಾಲ್ಕು ವರ್ಷದಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಬ್ಯಾಂಕಿನವರು ಸಾಲ ಕೊಡಲ್ಲ ಅಂತ ವಾಪಸ್ ಕಳಿಸಿದವರು ನೇರವಾಗಿ ಇಲ್ಲಿಗೆ ಬಂದು 'ನನ್ನ ಸಿಬಿಲ್ ತೆಗೆದು ನೋಡು' ಅಂತಾರೆ. ಸಾಲವನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದೀವಾ ಅಂತ ನೋಡಿ ಕೊಡೋ ಅಂಕವೇ ಈ ಸಿಬಿಲ್ ಸ್ಕೋರ್.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ದೊಡ್ಡಪ್ಪನ ಮಗ ಬಂದ. ರೇಷ್ಮೆ ರೀಲರ್, ಅಂದರೆ ಗೂಡಿಂದ ನೂಲು ತೆಗೆಯೋನು. ಬೆಳಗ್ಗೆ ಮಾರ್ಕೆಟ್ಟಲ್ಲಿ ಗೂಡು ಹರಾಜು ಕೂಗಿ, ಮಧ್ಯಾಹ್ನದ ತನಕ ಯೂನಿಟ್‌ನಲ್ಲಿ ನಿಂತು ಬಂದಿದ್ದ, ಕೈಯೆಲ್ಲ ಬೆಂದ ಹುಳದ ವಾಸನೆ.

"ಗೂಡಿಗೆ ದುಡ್ಡು ಕಮ್ಮಿ ಬೀಳ್ತೈತೆ ಅಂತ ಲೋನ್ ಕೇಳಿದ್ರೆ ಸಿಬಿಲ್ ಸರಿಯಿಲ್ಲ ಅಂತವ್ರೆ. ಏನೈತೆ ನೋಡಪ್ಪಾ."

ತೆಗೆದು ನೋಡಿದರೆ 561. ಹಳೇ ಪರ್ಸನಲ್ ಲೋನ್ ಒಂದರ ಮುಂದೆ 'ಸೆಟಲ್ಡ್' ಅಂತ ಬರೆದಿತ್ತು. ತೋರಿಸಿದೆ.

"ಅದೇ ಮತ್ತೆ, ಸೆಟಲ್ ಮಾಡ್ಬುಟ್ನಲ್ಲ! ಲೆಟ್ರೂ ಕೊಟ್ಟವ್ರೆ!"

ಸೆಟಲ್ ಅಂದರೆ ತೀರಿತು ಅಂತ ಅಣ್ಣ ತಿಳಿದಿದ್ದ. ಬ್ಯಾಂಕಿನ ಭಾಷೆಯಲ್ಲಿ ಅದರ ಅರ್ಥ 'ಪೂರ್ತಿ ಕೊಡಲಿಲ್ಲ, ನಾವೇ ಒಂದಿಷ್ಟು ಬಿಟ್ಟುಕೊಟ್ಟೆವು' ಅಂತ. ಅವತ್ತಿನಿಂದ ಅವನ ಸ್ಕೋರ್ ಮೇಲೆತ್ತೋಕೆ ನಾವಿಬ್ಬರೂ ಮಾಡಿದ್ದನ್ನೇ ಇಲ್ಲಿ ಬರೆದಿದ್ದೀನಿ. ಅದರಲ್ಲಿ ಮುಖ್ಯವಾದದ್ದು ಎಫ್‌ಡಿ ಇಟ್ಟು ತಗೊಳ್ಳೋ ಕ್ರೆಡಿಟ್ ಕಾರ್ಡ್. ಆದರೆ ಅದು ಮೊದಲನೇ ಹೆಜ್ಜೆ ಅಲ್ಲ, ಮೂರನೆಯದು. ಜನ ಎಡವೋದು ಅದನ್ನೇ ಮೊದಲನೆಯದು ಮಾಡಿಕೊಂಡು.

ಮೊದಲು ರಿಪೋರ್ಟ್ ತೆಗೆಸಿ, ಪೂರ್ತಿ ಓದಿ

ನಮ್ಮ ದೇಶದಲ್ಲಿ ಸಾಲದ ಲೆಕ್ಕ ಇಡೋ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾವು ನಾಲ್ಕಕ್ಕೂ ಸೇರಿಸಿ 'ಸಿಬಿಲ್' ಅಂತೀವಿ, ಡಾಲ್ಡಾ ಅಂದ ಹಾಗೆ. ಆರ್‌ಬಿಐ ಆದೇಶದ ಪ್ರಕಾರ 2017ರಿಂದ ಒಂದೊಂದು ಕಂಪನಿಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಪ್ಯಾನ್ ನಂಬರು, ಆಧಾರ್‌ಗೆ ಕೊಟ್ಟಿರೋ ಮೊಬೈಲು ಜೊತೆಗಿದ್ದರೆ ಹತ್ತು ನಿಮಿಷದ ಕೆಲಸ. ನಿಮ್ಮ ರಿಪೋರ್ಟನ್ನು ನೀವೇ ಎಷ್ಟು ಸಲ ನೋಡಿದರೂ ಸ್ಕೋರ್ ಇಳಿಯಲ್ಲ. ಇಳಿಯೋದು ಸಾಲಕ್ಕೋ ಕಾರ್ಡಿಗೋ ಅರ್ಜಿ ಹಾಕಿದಾಗ ಬ್ಯಾಂಕಿನವರು ನೋಡಿದರೆ. ಅದಕ್ಕೇ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕೋ ಚಾಳಿ ಬಿಡಬೇಕು.

ಸ್ಕೋರ್ 300ರಿಂದ 900ರ ತನಕ ಇರುತ್ತೆ. 750 ದಾಟಿದರೆ ಬ್ಯಾಂಕಿನವರು ಕೂರಿಸಿ ಮಾತಾಡಿಸ್ತಾರೆ. ಸಾಲವನ್ನೇ ತಗೊಳ್ಳದವರಿಗೆ ನಂಬರ್ ಬದಲು 'ಎನ್‌ಎಚ್' ಅಂತ ಬಂದಿರುತ್ತೆ, ಇತಿಹಾಸವೇ ಇಲ್ಲ ಅಂತ. ಅಂಥವರಿಗೂ ಈ ಕಾರ್ಡ್ ಒಳ್ಳೇ ಆರಂಭ.

ನಂಬರ್ ನೋಡಿ ಮುಚ್ಚಿಡಬೇಡಿ. ಒಳಗೆ ಒಂದೊಂದು ಸಾಲಕ್ಕೂ ಒಂದು ಪಟ್ಟಿ ಇರುತ್ತೆ, 36 ತಿಂಗಳದ್ದು. ತಿಂಗಳ ಕೆಳಗೆ 000 ಇದ್ದರೆ ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಿ, 030 ಇದ್ದರೆ 30 ದಿನ ತಡ. ಅಣ್ಣನ ಪಟ್ಟಿ ಹೀಗಿತ್ತು: 000, 000, 028, 059, 090. ಮೂರು ತಿಂಗಳಲ್ಲಿ ಒಬ್ಬ ಮನುಷ್ಯ ಹೇಗೆ ಜಾರಿದ ಅನ್ನೋದು ಆ ಸಾಲಲ್ಲೇ ಕಾಣುತ್ತೆ. ಲಾಕ್‌ಡೌನ್‌ನಲ್ಲಿ ನೂಲು ಕೇಳೋರಿರಲಿಲ್ಲ, ಅದೇ ತಿಂಗಳುಗಳು.

ಮೂರು ಸಂಗತಿ ಹುಡುಕಿ. ನೀವು ತಗೊಳ್ಳದೇ ಇರೋ ಸಾಲ ನಿಮ್ಮ ಹೆಸರಲ್ಲಿದೆಯಾ? ಬೇರೆಯವರಿಗೆ ಜಾಮೀನು ಹಾಕಿದ್ದೀರಾ? ಅವರು ಕಟ್ಟದಿದ್ದರೆ ಕಲೆ ನಿಮಗೂ ಅಂಟುತ್ತೆ. ಮೂರನೆಯದು, ಚಿಲ್ಲರೆ ಬಾಕಿ. ಇದನ್ನು ಯಾರೂ ಗಮನಿಸಲ್ಲ.

ನನ್ನದೇ ಕಥೆ ಕೇಳಿ. 2018ರಲ್ಲಿ ಒಂದು ಫೈನಾನ್ಸ್ ಕಂಪನಿಯ ಕಂತಿನ ಮೇಲೆ ಫ್ರಿಜ್ ತಗೊಂಡೆ. ಒಂದು ತಿಂಗಳು ಅಕೌಂಟಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಯಿತು. ಮುಂದಿನ ವಾರ ನಾನೇ ಹೋಗಿ ಕಟ್ಟಿದೆ, ಮಿಕ್ಕ ಕಂತೆಲ್ಲ ತೀರಿಸಿ ಮರೆತೆ. 2022ರಲ್ಲಿ ದೊಡ್ಡ ಪ್ರಿಂಟರ್‌ಗೆ ಸಾಲ ಕೇಳಿದರೆ ಇಲ್ಲ ಅಂದರು. ರಿಪೋರ್ಟಲ್ಲಿ ಫ್ರಿಜ್ಜಿನ ಸಾಲ ಇನ್ನೂ ಜೀವಂತ, ಓವರ್‌ಡ್ಯೂ 590 ರೂಪಾಯಿ. ಬೌನ್ಸ್ ಚಾರ್ಜು 500, ಅದಕ್ಕೆ ಜಿಎಸ್‌ಟಿ 90. ಒಂದು ಫೋನು ಮಾಡಿದ್ದರೆ ಅವತ್ತೇ ಕಟ್ಟುತ್ತಿದ್ದೆ. ಫ್ರಿಜ್ಜು ಕೆಟ್ಟುಹೋಗಿ ಗುಜರಿಗೆ ಹಾಕಿ ಆಗಿತ್ತು, ಸಾಲ ಮಾತ್ರ ತಣ್ಣಗೆ ಕೂತಿತ್ತು.

ತಪ್ಪು ಕಂಡರೆ ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಲ್ಲೇ ದೂರು ಹಾಕಿ. 30 ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ಅದಕ್ಕೂ ಬಗ್ಗದಿದ್ದರೆ ಆರ್‌ಬಿಐನಲ್ಲಿ ಗ್ರಾಹಕರ ದೂರು ವಿಚಾರಿಸೋ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿಚಾರಿಸೋಕೆ 14448 ನಂಬರ್ ಇದೆ.

ಹಳೇ ಕಲೆ ಹಾಗೇ ಇಟ್ಟುಕೊಂಡು ಹೊಸ ಕಾರ್ಡ್ ಬೇಡ

ಎಲ್ಲೋ ಒಂದು ಸಾಲ ಇವತ್ತಿಗೂ ಓವರ್‌ಡ್ಯೂ ಓಡುತ್ತಿದ್ದರೆ ಹೊಸ ಕಾರ್ಡಲ್ಲಿ ಎಷ್ಟು ನಿಯತ್ತಾಗಿ ಕಟ್ಟಿದರೂ ಪ್ರಯೋಜನ ಕಮ್ಮಿ. ತೂತು ಬಿಂದಿಗೆ ಕಥೆ. ಮೈಕ್ರೋಫೈನಾನ್ಸ್ ಸಾಲದ ಕಂತೂ ರಿಪೋರ್ಟಿಗೆ ಹೋಗುತ್ತೆ. ನಮ್ಮ ಕಡೆ ಹೆಣ್ಣುಮಕ್ಕಳು ಒಬ್ಬೊಬ್ಬರು ಮೂರು ಕಡೆ ತಗೊಂಡಿರುತ್ತಾರೆ, ಯಾವುದು ಬಾಕಿ ಯಾವುದು ತೀರಿದೆ ಅಂತ ಅವರಿಗೇ ಗೊತ್ತಿರಲ್ಲ. ರಿಪೋರ್ಟ್ ತೋರಿಸಿದಾಗಲೇ ಗೊತ್ತಾಗೋದು.

ಬಾಕಿ ಕಟ್ಟಿ, ಇನ್ನೇನೂ ಬಾಕಿ ಇಲ್ಲ ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ತಗೊಳ್ಳಿ. ರಸೀದಿ ಸಾಲದು. ಅದನ್ನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಜಮೀನು ಪತ್ರದ ಜೊತೆಗೇ ಇಡಿ.

ಸೆಟಲ್ ಆಗಿರೋದನ್ನು 'ಕ್ಲೋಸ್ಡ್' ಮಾಡಿಸಬಹುದು, ಅವರು ಬಿಟ್ಟುಕೊಟ್ಟಿದ್ದ ಮೊತ್ತವನ್ನು ಕಟ್ಟಿದರೆ. ಅಣ್ಣನಿಗೆ ಅದು 32,000 ಇತ್ತು. "ಬಿಟ್ಟಿದ್ದನ್ನ ಮತ್ತೆ ಯಾಕಪ್ಪಾ ಕಟ್ಲಿ?" ಅಂತ ಒಂದು ವಾರ ಮುನಿಸಿಕೊಂಡಿದ್ದ. ಬ್ಯಾಂಕು ಲೋನ್ ಕೊಡದೆ ಗೂಡಿಗೆ ಅಂತ ಹೊರಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ದುಡ್ಡು ತರುತ್ತಿದ್ದ. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ಬಡ್ಡಿ. ಆ ಲೆಕ್ಕ ಬರೆದು ತೋರಿಸಿದ ಮೇಲೆ ಒಪ್ಪಿದ, ಎರಡು ಕಂತಲ್ಲಿ ಕಟ್ಟಿದ. ಕಟ್ಟೋ ಮುಂಚೆ 'ಕಟ್ಟಿದರೆ ಸಾಲ ಕ್ಲೋಸ್ಡ್ ಅಂತ ತೋರಿಸುತ್ತೇವೆ' ಅನ್ನೋದನ್ನು ಬರವಣಿಗೆಯಲ್ಲಿ ತಗೊಂಡೆವು. ಬಾಯಿಮಾತು ನಂಬಬೇಡಿ.

'ಸಿಬಿಲ್ ಸರಿ ಮಾಡಿಸಿಕೊಡ್ತೀವಿ' ಅಂತ ಗೋಡೆ ಮೇಲೆ ಚೀಟಿ ಅಂಟಿಸಿರುತ್ತಾರೆ. ನಿಜವಾಗಿ ಕಟ್ಟದೇ ಇದ್ದದ್ದನ್ನು ದುಡ್ಡು ಕೊಟ್ಟು ಅಳಿಸೋಕೆ ಯಾರಿಗೂ ಆಗಲ್ಲ. ತಪ್ಪಾಗಿ ಬಂದದ್ದನ್ನು ತೆಗೆಸೋಕೆ ದುಡ್ಡೇ ಬೇಡ. ಇವೆರಡರ ಮಧ್ಯೆ ಅವರಿಗೇನು ಕೆಲಸ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಕಾರ್ಡ್ ಎಲ್ಲಿ, ಎಫ್‌ಡಿ ಎಷ್ಟು

ಇದರ ತಿರುಳು ಸುಲಭ. ಬ್ಯಾಂಕಿಗೆ ನಿಮ್ಮ ಮೇಲೆ ನಂಬಿಕೆ ಇಲ್ಲ. ಹಾಗಾಗಿ ನಿಮ್ಮ ದುಡ್ಡನ್ನೇ ಎಫ್‌ಡಿ ಮಾಡಿಸಿ, ಅದರ ಮೇಲೆ ಲೀನ್ ಹಾಕಿ, ಅಂದರೆ ಅದನ್ನು ಒತ್ತೆ ಹಿಡಿದು, ಕಾರ್ಡ್ ಕೊಡುತ್ತೆ. ಎಫ್‌ಡಿಗೆ ಬಡ್ಡಿ ಎಂದಿನಂತೆ ಬರುತ್ತೆ, ಆದರೆ ಕಾರ್ಡ್ ಇರೋ ತನಕ ಮುರಿಸೋಕೆ ಆಗಲ್ಲ. ಲಿಮಿಟ್ಟು, ಅಂದರೆ ಕಾರ್ಡಲ್ಲಿ ಖರ್ಚು ಮಾಡಬಹುದಾದ ಮೊತ್ತ, ಸಾಮಾನ್ಯವಾಗಿ ಎಫ್‌ಡಿಯ ನೂರಕ್ಕೆ 75ರಿಂದ 90ರಷ್ಟು, ಕೆಲವು ಕಡೆ ಪೂರ್ತಿ. ಸಂಬಳದ ಚೀಟಿ, ಐಟಿ ರಿಟರ್ನು ಹೆಚ್ಚಾಗಿ ಕೇಳಲ್ಲ, ಪ್ಯಾನು ಆಧಾರ್ ಸಾಕು. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್ಲು ಮುಂದೆ, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ ಇದ್ದು ಅರ್ಜಿ ನಿಂತುಹೋದದ್ದನ್ನು ಎಷ್ಟೋ ನೋಡಿದ್ದೀನಿ.

ಬ್ಯಾಂಕ್ ಆರಿಸುವಾಗ ಒಂದು ಎಚ್ಚರ. ಎಲ್ಲಿ ನಿಮ್ಮ ಹಳೇ ಬಾಕಿ ಇದೆಯೋ ಅದೇ ಬ್ಯಾಂಕಲ್ಲಿ ಎಫ್‌ಡಿ ಇಡಬೇಡಿ. ಠೇವಣಿಯನ್ನು ಹಳೇ ಸಾಲಕ್ಕೆ ವಜಾ ಹಾಕಿಕೊಳ್ಳೋ ಹಕ್ಕು ಬ್ಯಾಂಕಿಗಿದೆ. ಕಾರ್ಡು ಬರುತ್ತೆ ಅಂತ ಕಾಯುತ್ತಾ ಕೂತರೆ ಎಫ್‌ಡಿಯೇ ಇರಲ್ಲ.

ಆ್ಯಪ್ ಮೂಲಕ ಎಫ್‌ಡಿ ಕಾರ್ಡ್ ಕೊಡೋರೂ ಇದ್ದಾರೆ. ಎಫ್‌ಡಿ ರಸೀದಿ ಯಾವ ಬ್ಯಾಂಕಿನದು ಅಂತ ನೋಡಿ. ಬ್ಯಾಂಕಿನ ಠೇವಣಿಗೆ 5 ಲಕ್ಷದ ತನಕ ಡಿಐಸಿಜಿಸಿ ವಿಮೆ ಇದೆ, ಬ್ಯಾಂಕು ಮುಳುಗಿದರೆ ಅಷ್ಟು ವಾಪಸ್ ಸಿಗುತ್ತೆ. ಸೌಹಾರ್ದ ಸೊಸೈಟಿಗಳ ಠೇವಣಿಗೆ ಅದಿಲ್ಲ. ಚೀಟಿ, ಪಿಗ್ಮಿ ಎಷ್ಟು ವರ್ಷ ಕಟ್ಟಿದರೂ ಸ್ಕೋರಿಗೆ ಸೇರಲ್ಲ, ಅದು ಬೇರೆ ಮಾತು.

ಎಷ್ಟಿಡಬೇಕು? ಮರೆತುಹೋದರೂ ಮನೆ ನಡೆಯೋವಷ್ಟು. ಅಣ್ಣ 25,000 ಇಟ್ಟ, ಲಿಮಿಟ್ಟು 20,000 ಬಂತು. ಲಕ್ಷ ಇಟ್ಟರೆ ಸ್ಕೋರ್ ಬೇಗ ಏರುತ್ತೆ ಅನ್ನೋದು ಸುಳ್ಳು. ಹೊರಗೆ ಬಡ್ಡಿ ಸಾಲ ಇದ್ದು ಕೈಯಲ್ಲಿ 25,000 ಮಾತ್ರ ಇದ್ದರೆ ನನ್ನ ಅಭಿಪ್ರಾಯದಲ್ಲಿ ಮೊದಲು ಆ ಸಾಲಕ್ಕೆ ಹಾಕಿ, ಕಾರ್ಡ್ ಮುಂದಿನ ವರ್ಷ ನೋಡೋಣ. ಒಡವೆ ಇದ್ದರೆ ಬ್ಯಾಂಕಲ್ಲಿ ಸಣ್ಣ ಒಡವೆ ಸಾಲ ತಗೊಂಡು ಹೊತ್ತಿಗೆ ಬಿಡಿಸಿಕೊಂಡರೂ ರಿಪೋರ್ಟಿಗೆ ಸೇರುತ್ತೆ.

ಅರ್ಜಿ ಹಾಕುವಾಗ ಎಫ್‌ಡಿ ತಾನಾಗೇ ರಿನ್ಯೂ ಆಗೋ ಹಾಗೆ ಹೇಳಿ. ವಾರ್ಷಿಕ ಶುಲ್ಕ ಎಷ್ಟು ಅಂತ ಕೇಳಿ. ಜೊತೆಗೆ ಇನ್ಶೂರೆನ್ಸು ತಗೊಳ್ಳಿ ಅಂದರೆ ಬೇಡ ಅನ್ನಿ.

ಕಾರ್ಡ್ ಕೈಗೆ ಬಂದ ಮೇಲೆ

ನಿಜವಾದ ಕೆಲಸ ಇಲ್ಲಿಂದ. ಕಾರ್ಡನ್ನು ದುಡ್ಡು ಅಂತ ನೋಡಬಾರದು. ಹೊತ್ತಿಗೆ ಸರಿಯಾಗಿ ವಾಪಸ್ ಕೊಡ್ತೀನಿ ಅಂತ ತಿಂಗಳು ತಿಂಗಳೂ ರುಜು ಹಾಕೋ ಪುಸ್ತಕ ಅಂತ ನೋಡಬೇಕು. ಕಿರಾಣಿ ಅಂಗಡಿಯವನು ಉದ್ರಿ ಕೊಡೋ ಮುಂಚೆ ಹಳೇ ಪುಟ ತಿರುವಿ ನೋಡ್ತಾನಲ್ಲ, ಅಂಥ ಪುಟ ತುಂಬಿಸೋದೇ ಉದ್ದೇಶ. ಅದಕ್ಕೆ 20,000 ಖರ್ಚು ಮಾಡಬೇಕಿಲ್ಲ, 500 ಖರ್ಚು ಮಾಡಿ ಕಟ್ಟಿದರೂ ಪುಟಕ್ಕೆ 000 ಬೀಳುತ್ತೆ.

ಹಾಗಾಗಿ ಹೇಗಿದ್ದರೂ ಮಾಡೋ ಒಂದೋ ಎರಡೋ ಖರ್ಚನ್ನು ಮಾತ್ರ ಕಾರ್ಡಿಗೆ ಹಾಕಿ. ಅಣ್ಣನಿಗೆ ಮೊದಲು ಮನೆ ಕರೆಂಟು ಬಿಲ್ ಕಟ್ಟು ಅಂದೆ. ಗೃಹಜ್ಯೋತಿ ಬಂದ ಮೇಲೆ ಅವನ ಮನೆ ಬಿಲ್ಲು ಸೊನ್ನೆ, ಕಟ್ಟೋದೇನು! ಇಬ್ಬರೂ ನಕ್ಕೆವು. ಆಮೇಲೆ ಮನೆಯ ಮೂರು ಮೊಬೈಲ್ ರೀಚಾರ್ಜು, ಗ್ಯಾಸ್ ಸಿಲಿಂಡರು, ಬೈಕಿಗೆ ಒಂದು ಸಲ ಪೆಟ್ರೋಲು ಅಂತ ನಿಗದಿ ಮಾಡಿದೆವು. ತಿಂಗಳಿಗೆ ಎರಡು ಸಾವಿರದ ಆಸುಪಾಸು.

ಲಿಮಿಟ್ಟಿನ ನೂರಕ್ಕೆ 30 ದಾಟಬೇಡಿ ಅಂತ ಎಲ್ಲರೂ ಹೇಳ್ತಾರೆ, 20,000ಕ್ಕೆ ಅದು 6,000. ಬಿದ್ದ ಸ್ಕೋರ್ ಎತ್ತೋರು ಅದಕ್ಕೂ ಕೆಳಗೇ ಇದ್ದರೆ ಒಳ್ಳೇದು. ಯಾವುದೋ ತಿಂಗಳು ಆಸ್ಪತ್ರೆ ಖರ್ಚು ಬಂದು 12,000 ಉಜ್ಜಿಬಿಟ್ಟರೆ ಸ್ಟೇಟ್‌ಮೆಂಟ್ ಬರೋ ತನಕ ಕಾಯಬೇಡಿ, ಕೈಗೆ ದುಡ್ಡು ಬಂದ ದಿನವೇ ಕಟ್ಟಿ. 2025ರ ಜನವರಿಯಿಂದ ಬ್ಯಾಂಕುಗಳು ಸಿಬಿಲ್‌ನಂಥ ಆ ಕಂಪನಿಗಳಿಗೆ ತಿಂಗಳಿಗೆ ಕನಿಷ್ಠ ಎರಡು ಸಲ ಲೆಕ್ಕ ಕಳಿಸಬೇಕು, ಕಳಿಸೋ ದಿನ ಬಾಕಿ ಕಮ್ಮಿ ಕಂಡರೆ ನಿಮಗೇ ಲಾಭ.

ಇನ್ನು ಎರಡು ತಾರೀಖು. ಸ್ಟೇಟ್‌ಮೆಂಟ್ ತಾರೀಖು ಅಂದರೆ ಬಿಲ್ ಹುಟ್ಟೋ ದಿನ, ಡ್ಯೂ ಡೇಟ್ ಅಂದರೆ ಕಟ್ಟೋ ಕೊನೇ ದಿನ. ಎರಡರ ಮಧ್ಯೆ ಸುಮಾರು 18–20 ದಿನ ಇರುತ್ತೆ. ಸಂಬಳದವರಿಗೆ ಇದು ತಲೆನೋವಲ್ಲ. ನಮ್ಮ ಕಡೆಯವರ ದುಡ್ಡು ಹಾಗೆ ಬರಲ್ಲ. ಹುಳ ಸಾಕೋರಿಗೆ ಬೆಳೆ ಇಳಿದು ಗೂಡು ಮಾರಿದ ದಿನ, ಚಿಂತಾಮಣಿ ಕೋಲಾರದ ಟೊಮೆಟೊ ಬೆಳೆಗಾರರಿಗೆ ಮಂಡಿಯಲ್ಲಿ ಬಾಕ್ಸು ಹೋದ ದಿನ, ಅದೂ ರೇಟು ಇದ್ದರೆ. ಬಿಲ್ಲಿಂಗ್ ಸೈಕಲ್ ಒಂದು ಸಲವಾದರೂ ಬದಲಾಯಿಸಿಕೊಳ್ಳೋ ಹಕ್ಕು ಆರ್‌ಬಿಐ ಕೊಟ್ಟಿದೆ, ಕೇಳಿ ಬದಲಾಯಿಸಿಕೊಳ್ಳಿ. ಅದಕ್ಕಿಂತ ಗಟ್ಟಿ ಉಪಾಯ ಅಂದರೆ ಕಾರ್ಡಲ್ಲಿ ಖರ್ಚು ಮಾಡಿದಷ್ಟನ್ನು ಅವತ್ತೇ ಬೇರೆ ಅಕೌಂಟಿಗೆ ತೆಗೆದಿಟ್ಟು, ಆ ಅಕೌಂಟಿಂದ ಆಟೋ ಡೆಬಿಟ್ ಹಾಕಿಸೋದು. ಆಟೋ ಡೆಬಿಟ್ ಫಾರಮ್ಮಲ್ಲಿ 'ಮಿನಿಮಮ್', 'ಟೋಟಲ್' ಅಂತ ಎರಡು ಚೌಕ ಇರುತ್ತೆ. ಟೋಟಲ್ಲಿಗೇ ಟಿಕ್ ಹಾಕಿ.

ಈ ಮಿನಿಮಮ್ಮೇ ದೊಡ್ಡ ಬಲೆ. 10,000 ಬಾಕಿಗೆ ನೂರಕ್ಕೆ 5ರ ಹಾಗೆ 500 ಕಟ್ಟಿದರೆ ಸಾಕು ಅಂತ ಬಿಲ್ಲಲ್ಲಿ ಬಂದಿರುತ್ತೆ. ಕಟ್ಟಿದರೆ ರಿಪೋರ್ಟಲ್ಲಿ ಓವರ್‌ಡ್ಯೂ ಬೀಳಲ್ಲ, ನಿಜ. ಆದರೆ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ಅಂತಿಟ್ಟುಕೊಂಡರೆ 350, ಅದಕ್ಕೆ ಜಿಎಸ್‌ಟಿ 63, ಒಟ್ಟು 413. ನೀವು ಕಟ್ಟಿದ 500ರಲ್ಲಿ ಅಸಲಿಗೆ ಹೋಗೋದು 87 ರೂಪಾಯಿ. ಮೇಲಿಂದ ಹೊಸದಾಗಿ ತಗೊಂಡ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ. ಅದೇ ನಿಮ್ಮ 25,000 ಎಫ್‌ಡಿ, ವರ್ಷಕ್ಕೆ ಆರೂವರೆ ಪರ್ಸೆಂಟ್ ಅಂದರೂ, ತಿಂಗಳಿಗೆ ದುಡಿಯೋದು 135. ಊರಲ್ಲಿ ಮೂರು ರೂಪಾಯಿ ಬಡ್ಡಿಯವನನ್ನು ಬೈಯ್ಯೋರು ಮೂರೂವರೆ ರೂಪಾಯಿ ಬಡ್ಡಿಯನ್ನು ಜೇಬಲ್ಲಿಟ್ಟುಕೊಂಡು ಓಡಾಡ್ತಾರೆ.

ಎಟಿಎಂನಲ್ಲಿ ಈ ಕಾರ್ಡ್ ಹಾಕಿ ಕ್ಯಾಶ್ ತೆಗೀಲೇಬೇಡಿ. ತೆಗೆದ ಕೂಡಲೇ ಶುಲ್ಕ, ಅವತ್ತಿಂದಲೇ ಬಡ್ಡಿ.

ರುಪೇ ಕಾರ್ಡಾದರೆ ಯುಪಿಐಗೆ ಜೋಡಿಸಿ ಅಂಗಡಿ ಕ್ಯೂಆರ್‌ಗೆ ಸ್ಕ್ಯಾನ್ ಮಾಡಬಹುದು. ಮನುಷ್ಯರಿಂದ ಮನುಷ್ಯರಿಗೆ ಕಳಿಸೋಕೆ ಆಗಲ್ಲ. ಅನುಕೂಲ ಹೌದು, ನಾನಂತೂ ಅಣ್ಣನಿಗೆ ಜೋಡಿಸಿಕೊಡಲಿಲ್ಲ. ಟೀ ಅಂಗಡಿಯ 20 ರೂಪಾಯಿ ಯಾರ ಲೆಕ್ಕದಲ್ಲೂ ಇರಲ್ಲ, ತಿಂಗಳ ಕೊನೇಲಿ ಮೂರು ಸಾವಿರವಾಗಿ ನಿಂತಿರುತ್ತೆ.

ಒಂದು ತಿಂಗಳು ಡ್ಯೂ ಡೇಟ್ ಮರೆತೇ ಹೋಯಿತು ಅಂದುಕೊಳ್ಳಿ. ಗಾಬರಿ ಬೇಡ, ಆದರೆ ಅವತ್ತೇ ಓಡಿ. ಡ್ಯೂ ಡೇಟ್ ಕಳೆದು ಮೂರು ದಿನ ದಾಟಿದ ಮೇಲೇ ಲೇಟ್ ಫೀ ಹಾಕಬೇಕು, ಮೂರು ದಿನ ದಾಟಿದ ಮೇಲೇ ಸಿಬಿಲ್‌ನಂಥ ಕಂಪನಿಗೆ ಬಾಕಿ ಅಂತ ಕಳಿಸಬೇಕು ಅನ್ನೋದು ಆರ್‌ಬಿಐ ನಿಯಮ. ದಾಟಿತೋ, ಎಣಿಕೆ ಮತ್ತೆ ಡ್ಯೂ ಡೇಟಿಂದಲೇ ಶುರು.

"ಎಫ್‌ಡಿ ಅವ್ರತ್ರಾನೇ ಐತಲ್ಲ, ಕಟ್ದಿದ್ರೆ ಅದ್ರಲ್ಲೇ ಇಡ್ಕೊಂತಾರೆ ಬಿಡು" ಅಂತ ಅಣ್ಣ ಒಂದು ಸಲ ಅಂದ. ಗೂಡಿನ ರೇಟು ಏರಿದ್ದ ತಿಂಗಳು ಅದು, ಕೈ ಬಿಗಿ ಇತ್ತು. ಹಿಡ್ಕೊಳ್ತಾರೆ, ಖಂಡಿತ. ಆದರೆ ಮೊದಲನೇ ದಿನವೇ ಹಿಡ್ಕೊಳ್ಳಲ್ಲ. ಒಂದೆರಡು ತಿಂಗಳು ನೋಟಿಸು, ಫೋನು, ಅಷ್ಟೊತ್ತಿಗೆ ನಿಮ್ಮ ಪುಟದಲ್ಲಿ 030, 060 ಬಿದ್ದಾಗಿರುತ್ತೆ. ದುಡ್ಡೂ ಹೋಯಿತು, ಸ್ಕೋರೂ ಹೋಯಿತು. ಅವತ್ತು ಅವನ 1,870 ರೂಪಾಯಿ ಬಿಲ್ ನಾನೇ ಕಟ್ಟಿದೆ. ನೂಲು ಮಾರಿದ ದಿನ ತಂದು ಕೊಟ್ಟ, ಜೊತೆಗೆ ಅರ್ಧ ಕೇಜಿ ಮೈಸೂರ್‌ಪಾಕು.

ಎಷ್ಟು ದಿನ ಹಿಡಿಯುತ್ತೆ

ಹೊಸಬರಿಗೆ ಸ್ಕೋರ್ ಹುಟ್ಟೋಕೆ ಆರು ತಿಂಗಳ ಹತ್ತಿರ ಬೇಕು. ಬಿದ್ದವರಿಗೆ ಏಣಿ ಉದ್ದ. ಅಣ್ಣನ ಲೆಕ್ಕ ಹೇಳ್ತೀನಿ: ಶುರುವಲ್ಲಿ 561, ಹಳೇ ಸಾಲ ಕ್ಲೋಸ್ಡ್ ಆಗಿ ಕಾರ್ಡಿಗೆ ಆರು ತಿಂಗಳಾದಾಗ 618, ಹದಿಮೂರನೇ ತಿಂಗಳಿಗೆ 689. ಮಧ್ಯೆ ಒಂದು ತಿಂಗಳು ನಾಲ್ಕು ಪಾಯಿಂಟ್ ಇಳಿಯಿತು, ಯಾಕೆ ಅಂತ ನೋಡಿದರೆ ಫೋನ್ ಮಾಡಿದವರಿಗೆಲ್ಲ 'ಹೂಂ' ಅಂದು ಇನ್ನೊಂದು ಕಾರ್ಡಿಗೆ ಅರ್ಜಿ ಹೋಗಿತ್ತು. ದಿನಾ ಸ್ಕೋರ್ ನೋಡೋದು ಮೊಟ್ಟೆ ಒಡೆದು ಮರಿ ಬಂತಾ ಅಂತ ನೋಡಿದ ಹಾಗೆ. ಮೂರು ತಿಂಗಳಿಗೊಂದು ಸಲ ಸಾಕು.

ಒಂದು ವರ್ಷ ಕಾರ್ಡ್ ಮುಟ್ಟದೆ ಇಟ್ಟರೆ ಬ್ಯಾಂಕು ತಿಳಿಸಿ ಮುಚ್ಚಬಹುದು, ತಿಂಗಳಿಗೊಂದು ರೀಚಾರ್ಜಾದರೂ ಇರಲಿ. ವರ್ಷ, ಒಂದೂವರೆ ವರ್ಷ ಶಿಸ್ತಾಗಿ ನಡೆಸಿದ ಮೇಲೆ ಎಫ್‌ಡಿ ಇಲ್ಲದ ಮಾಮೂಲಿ ಕಾರ್ಡ್ ಕೊಡ್ತೀರಾ ಅಂತ ಅದೇ ಬ್ಯಾಂಕಲ್ಲಿ ಕೇಳಿ. ಅದು ಕೈಗೆ ಬಂದ ಮೇಲೇ ಹಳೇದನ್ನು ಮುಚ್ಚೋ ಯೋಚನೆ ಮಾಡಿ, ಮೊದಲೇ ಮುಚ್ಚಿದರೆ ತುಂಬಿಸಿದ ಪುಸ್ತಕ ಅರ್ಧಕ್ಕೇ ನಿಲ್ಲುತ್ತೆ.

ಮುಚ್ಚುವಾಗ ಬಾಕಿ ಸೊನ್ನೆ ಮಾಡಿ, ಬರವಣಿಗೆಯಲ್ಲಿ ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕು ನಿಮಗೆ ಕೊಡಬೇಕು. ಆಮೇಲೆ ಎಫ್‌ಡಿ ಮೇಲಿನ ಲೀನ್ ತೆಗೆದಿದ್ದಾರಾ ಅಂತ ಬ್ರಾಂಚಿಗೆ ಹೋಗಿ ನೋಡಿ. ಕಾರ್ಡ್ ಮುಚ್ಚೋದು ಒಂದು ಕಡೆ, ಲೀನ್ ತೆಗೆಯೋದು ಇನ್ನೊಂದು ಕಡೆ, ಮಧ್ಯೆ ಫೈಲು ನಿದ್ದೆ ಹೋಗಿರುತ್ತೆ.

ಅಣ್ಣ ಇನ್ನೂ ಮುಚ್ಚಿಲ್ಲ. ತಿಂಗಳ ಮೊದಲ ವಾರ ಅಂಗಡಿಗೆ ಬಂದು ಮೂರು ಮೊಬೈಲಿಗೆ ರೀಚಾರ್ಜ್ ಮಾಡಿಸ್ತಾನೆ, ಆ ದುಡ್ಡನ್ನು ನನ್ನ ಎದುರೇ ಇನ್ನೊಂದು ಅಕೌಂಟಿಗೆ ಹಾಕ್ತಾನೆ, ಕಾರ್ಡನ್ನು ಪಾಸ್‌ಬುಕ್ಕಿನ ಕವರೊಳಗೆ ತುರುಕಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಯೂನಿಟ್‌ಗೆ ಹೋಗ್ತಾನೆ.